ಮೂರಡಿ ಹಲಗೆಯ ರೈಲ್ವೆ

— ಮಾವ, ಈ ಡಬ್ಬದ ಮೇಲೆ ಎಂಜಿನ್ನಿನ ಚಿತ್ರ ಇದೆ. ಒಳಗೆ ನೋಡಿದರೆ ಹಿತ್ತಾಳೆ ತಗಡು, ಆರು ಗಾಲಿ, ಅರ್ಧ ಕಟ್ಟಿದ ಚೌಕಟ್ಟು. ಎಂಜಿನ್ ಎಲ್ಲಿ?

— ಆ ತಗಡೇ ಎಂಜಿನ್ನು. ಕಿಟಕಿ ಹತ್ತಿರ ಹೋಗಿ ಬೆಳಕಿಗೆ ಹಿಡಿ. ನೀರಿನ ಟ್ಯಾಂಕಿನ ಪಕ್ಕೆ, ಕ್ಯಾಬಿನ ಗೋಡೆ, ಹತ್ತುವ ಮೆಟ್ಟಿಲು, ಎಲ್ಲ ಕಾಣುತ್ತಲ್ಲ? ಒಂದೊಂದೂ ಸುತ್ತಲಿನ ಪಟ್ಟಿಗೆ ಸಣ್ಣ ಕೊಂಡಿಯಲ್ಲಿ ಅಂಟಿಕೊಂಡಿದೆ. ಕೊಂಡಿ ಕತ್ತರಿಸಿ, ಅಂಚಿಗೆ ಅರ ಆಡಿಸಿ, ಮಡಿಚಿ ಬೆಸೆದರೆ ಎಂಜಿನ್ ಎದ್ದು ನಿಲ್ಲುತ್ತೆ.

— ಇಷ್ಟು ನಯವಾಗಿ ಹೇಗೆ ಕತ್ತರಿಸಿದ್ದಾರೆ? ಕಿಟಕಿಯ ಸುತ್ತ ಕೂದಲೆಳೆಯಷ್ಟು ಅಂಚು ಕೂಡ ಉಳಿದಿದೆ.

— ಕತ್ತರಿಸಿಲ್ಲ. ನಿಮ್ಮ ಕಾಲದ ಸರ್ಕ್ಯೂಟ್ ಬೋರ್ಡ್ ಮಾಡುವ ರೀತಿಯೇ. ತಗಡಿನ ಎರಡೂ ಮುಖಕ್ಕೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ಮೇಲೆ ಡ್ರಾಯಿಂಗಿನ ಫಿಲಂ ಇಟ್ಟು ಬೆಳಕು ಬಿಡ್ತಾರೆ. ಆಮೇಲೆ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಇಳಿಸ್ತಾರೆ. ಲೇಪ ಇಲ್ಲದ ಕಡೆ ಲೋಹ ಕರಗುತ್ತೆ. ಎರಡೂ ಮುಖದಿಂದ ಕರಗಿದರೆ ಆರ್‌ಪಾರ್ ತೂತು, ಒಂದೇ ಮುಖದಿಂದ ಕರಗಿದರೆ ಅರ್ಧ ಆಳದ ಗೀರು. ಆ ಗೀರೇ ಮಡಿಕೆಯ ಗುರುತು. ಗೀರು ಯಾವಾಗಲೂ ಮಡಿಕೆಯ ಒಳಗಡೆ ಬರಬೇಕು. ಟ್ಯಾಂಕಿನ ಹಿಂಬದಿಯಲ್ಲಿ ಸಾಲಾಗಿ ಚುಕ್ಕಿ ಕಾಣುತ್ತಲ್ಲ, ಅವುಗಳ ಮೇಲೆ ಮೊಂಡು ಸೂಜಿ ಇಟ್ಟು ಒತ್ತಿದರೆ ಮುಂದಿನ ಮುಖದಲ್ಲಿ ರಿವೆಟ್ಟು ಉಬ್ಬುತ್ತೆ.

— ಇದು ಯಾವ ಎಂಜಿನ್?

— ಟೆರಿಯರ್. ಲಂಡನ್ನಿಂದ ಬ್ರೈಟನ್ ಕಡೆಗೆ ಹೋಗುತ್ತಿದ್ದ ರೈಲ್ವೆ ಕಂಪನಿಯದು. ವಿಲಿಯಂ ಸ್ಟ್ರೌಡ್ಲಿ ಅನ್ನುವ ಎಂಜಿನಿಯರ್ ರೂಪಿಸಿದ್ದು. 1872ರಿಂದ 1880ರೊಳಗೆ 50 ಎಂಜಿನ್ ಕಟ್ಟಿದರು. ಲಂಡನ್ನಿನ ಉಪನಗರದ ಗಾಡಿಗಳಿಗೆ ಅಂತ ಮಾಡಿದ್ದು. ಥೇಮ್ಸ್ ನದಿಯ ಕೆಳಗಿನ ಬ್ರೂನೆಲ್ಲರ ಸುರಂಗದಲ್ಲೂ ಓಡಿದವು. ತೂಕ ಕಡಿಮೆ, ಹತ್ತಿರ ಹತ್ತಿರ 28 ಟನ್. ಅದೇ ಅವುಗಳ ಪುಣ್ಯ. ಹೇಲಿಂಗ್ ದ್ವೀಪಕ್ಕೆ ಹೋಗುವ ಶಾಖಾ ಮಾರ್ಗದಲ್ಲಿ ಮರದ ಸೇತುವೆ ಒಂದಿತ್ತು. ಭಾರದ ಎಂಜಿನ್ನುಗಳನ್ನು ಅದು ತಾಳುತ್ತಿರಲಿಲ್ಲ. ಹಾಗಾಗಿ ಆ ಮಾರ್ಗ 1963ರ ನವೆಂಬರಿನಲ್ಲಿ ಮುಚ್ಚುವವರೆಗೂ ಟೆರಿಯರುಗಳು ದುಡಿದವು. 1872ರಲ್ಲಿ ಹುಟ್ಟಿದ ಫೆನ್‌ಚರ್ಚ್ ಅನ್ನುವ ಎಂಜಿನ್ 1963ರಲ್ಲೂ ಕೆಲಸದಲ್ಲಿತ್ತು! ಹತ್ತು ಉಳಿದಿವೆ. ಬಾಕ್ಸ್‌ಹಿಲ್ ಅನ್ನುವುದನ್ನು ಯಾರ್ಕಿನ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದಲ್ಲಿ ಮುಟ್ಟುವಷ್ಟು ಹತ್ತಿರ ನಿಂತು ನೋಡಿದ್ದೀನಿ. ಅಷ್ಟು ಪುಟ್ಟ ಎಂಜಿನ್ ಅಷ್ಟು ವರ್ಷ ಜನರನ್ನು ಹೊತ್ತು ತಿರುಗಿತಲ್ಲ ಅಂತ ಅದರ ಮೇಲೆ ಪ್ರೀತಿ ಹುಟ್ಟಿಬಿಡುತ್ತೆ.

— ಚೌಕಟ್ಟು ಬೆಸೆದಿರುವುದು ನೀವೇನಾ?

— ಅಲ್ಲ. ನಾನು ಇಂಗ್ಲೆಂಡಿನಲ್ಲಿದ್ದಾಗ ಒಂದು ಪ್ರದರ್ಶನದಲ್ಲಿ ಕೊಂಡದ್ದು. ಅಲ್ಲಿ ಮಾಡೆಲ್ ರೈಲ್ವೆ ಕ್ಲಬ್ಬುಗಳಲ್ಲಿ ಒಂದು ಪದ್ಧತಿ ಇದೆ. ಸದಸ್ಯರೊಬ್ಬರು ತೀರಿಕೊಂಡರೆ ಅವರ ಮನೆಯವರ ಪರವಾಗಿ ಕ್ಲಬ್ಬಿನವರೇ ಸಾಮಾನನ್ನೆಲ್ಲ ಮೇಜಿನ ಮೇಲೆ ಜೋಡಿಸಿ ಮಾರಿಕೊಡ್ತಾರೆ. ಆ ಮೇಜಿನ ಮೇಲೆ ಅರ್ಧ ಆದ ಕಿಟ್ಟುಗಳೇ ಜಾಸ್ತಿ. ಅದರಲ್ಲಿ ಇದೊಂದು. ಸೂಚನಾ ಹಾಳೆ ತೆಗೆದು ನೋಡು.

— ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದಾರೆ. ಪ್ರತಿ ಹಂತಕ್ಕೂ. ಹದಿನಾಲ್ಕರವರೆಗೆ ಇದೆ. ಹದಿನೈದಕ್ಕೆ ಟಿಕ್ ಇಲ್ಲ, ಪ್ರಶ್ನಾರ್ಥಕ ಚಿಹ್ನೆ ಇದೆ. ಒತ್ತಿ ಒತ್ತಿ ಬರೆದಿದ್ದಾರೆ, ಹಾಳೆಯ ಹಿಂಬದಿಗೂ ಅಚ್ಚು ಬಿದ್ದಿದೆ.

— ಹದಿನೈದು ಏನು?

— ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್ ಕೂರಿಸಿ, ಗಾಲಿಗಳು ಸಲೀಸಾಗಿ ತಿರುಗುತ್ತವೆಯೇ ಪರೀಕ್ಷಿಸಿ ಅಂತ.

— ಅಲ್ಲಿಗೆ ಗೊತ್ತಾಯಿತಲ್ಲ. ಅರ್ಧಕ್ಕೆ ಬಿಟ್ಟ ಕಿಟ್ಟಿನ ಬಗ್ಗೆ ಕೇಳಿದರೆ ಎಲ್ಲರೂ ಸಮಯ ಸಿಗಲಿಲ್ಲ ಅಂತಾರೆ. ನಾನು ಅದನ್ನು ಒಪ್ಪೋದಿಲ್ಲ. ಕಿಟ್ಟು ನಿಲ್ಲೋದು ಒಂದು ನಿರ್ದಿಷ್ಟ ಜಾಗದಲ್ಲಿ. ಒಂದು ರಾಡು ಕಚ್ಚಿಕೊಳ್ಳುತ್ತೆ, ಒಂದು ಗುಮ್ಮಟ ಸೊಟ್ಟ ಕೂರುತ್ತೆ, ಒಂದು ಬಿಡಿಭಾಗ ಕಾರ್ಪೆಟ್ಟಿನಲ್ಲಿ ಕಳೆದುಹೋಗುತ್ತೆ. ಅವತ್ತು ರಾತ್ರಿ ಡಬ್ಬ ಮುಚ್ಚಿದವರು ಮತ್ತೆ ತೆರೆಯೋದಿಲ್ಲ. ಹತ್ತು ವರ್ಷ ಆದಮೇಲೆ ಆ ಡಬ್ಬ ಪೂರ್ತಿ ಕಷ್ಟ ಅನ್ನಿಸುತ್ತೆ. ಕಷ್ಟ ಇರೋದು ಒಂದು ರಾಡಿನಲ್ಲಿ ಮಾತ್ರ. ಅದಕ್ಕೆ ಹಳೇ ಕಿಟ್ಟು ಕೈಗೆತ್ತಿಕೊಂಡರೆ ಮೊದಲ ಕೆಲಸ, ಅದು ಎಲ್ಲಿ ನಿಂತಿದೆ ಅಂತ ಕಂಡುಹಿಡಿಯೋದು. ಇವರು ಪಾಪ ಅದನ್ನೂ ಬರೆದಿಟ್ಟು ಹೋಗಿದ್ದಾರೆ.

— ಉರುಳಿಸಿ ನೋಡಲಾ?

— ಮೇಜಿನ ಮೇಲೆ ಬೇಡ. ಆ ಕನ್ನಡಿ ಚೂರು ತಾ. ಗಾಜಿನಷ್ಟು ಸಮತಟ್ಟು ಮನೆಯಲ್ಲಿ ಬೇರೆ ಏನೂ ಸಿಗೋದಿಲ್ಲ. ಆರೂ ಗಾಲಿ ಗಾಜಿಗೆ ಕೂತಿವೆಯಾ?

— ಕೂತಿವೆ. ಮೂಲೆ ಒತ್ತಿದರೂ ಅಲ್ಲಾಡಲ್ಲ.

— ಭಲೆ. ಚೌಕಟ್ಟು ನೇರವಾಗಿ ಬೆಸೆದಿದ್ದಾರೆ. ಈಗ ಮೆಲ್ಲಗೆ ತಳ್ಳು.

— ಸ್ವಲ್ಪ ಹೋಗಿ ಹಿಡಿದುಕೊಳ್ಳುತ್ತೆ. ಬಲವಂತ ಮಾಡಿದರೆ ಗಾಲಿ ತಿರುಗದೆ ಜಾರುತ್ತೆ.

— ಎರಡು ಕಾರಣ ಇರಬಹುದು. ಮೊದಲನೆಯದು ಗಾಲಿಗಳ ಕೋನ. ಎಡಗಡೆ ಕ್ರ್ಯಾಂಕ್ ಮೇಲಿದ್ದಾಗ ಬಲಗಡೆಯದು ಕಾಲು ಸುತ್ತು ಮುಂದೆ ಅಥವಾ ಹಿಂದೆ ಇರಬೇಕು, 90 ಡಿಗ್ರಿ. ನಿಜವಾದ ಉಗಿ ಎಂಜಿನ್ನಿನಲ್ಲೂ ಹಾಗೇ. ಎರಡೂ ಕಡೆ ಒಂದೇ ಕೋನ ಇದ್ದು ಪಿಸ್ಟನ್ನುಗಳೆರಡೂ ತುದಿ ಮುಟ್ಟಿದ ಹೊತ್ತಿಗೆ ಗಾಡಿ ನಿಂತಿತು ಅಂದುಕೋ, ಎಷ್ಟು ಉಗಿ ಬಿಟ್ಟರೂ ಅದು ಹೊರಡೋದಿಲ್ಲ. ಒಂದು ತುದಿಯಲ್ಲಿದ್ದಾಗ ಇನ್ನೊಂದು ಪೂರ್ತಿ ಬಲದಲ್ಲಿರಲಿ ಅಂತ ಕಾಲು ಸುತ್ತಿನ ಅಂತರ. ಮಾಡೆಲ್ಲಿನಲ್ಲಿ ತಳ್ಳೋದು ಮೋಟಾರು, ಹಾಗಾಗಿ ಕರಾರುವಾಕ್ಕಾಗಿ 90 ಆಗಲೇಬೇಕು ಅಂತಿಲ್ಲ. ಆದರೆ ಮೂರು ಅಚ್ಚಿನಲ್ಲೂ ಒಂದೇ ಆಗಿರಬೇಕು. ಒಂದು ಅಚ್ಚು ಎರಡು ಡಿಗ್ರಿ ತಪ್ಪಿದರೂ ರಾಡು ಕಚ್ಚುತ್ತೆ.

— ಇದರಲ್ಲಿ ತಪ್ಪಿರಬಹುದಾ?

— ಇಲ್ಲ, ಇವು ರಾಮ್‌ಫರ್ಡ್ ಗಾಲಿಗಳು. ಅಚ್ಚಿನ ತುದಿ ನೋಡು, ದುಂಡಗಿಲ್ಲ, ಚೌಕ. ಗಾಲಿಯ ತೂತೂ ಚೌಕ. ಹಾಕಿದರೆ ಕೋನ ತಾನಾಗಿ ಸರಿಯಾಗುತ್ತೆ. ಅಂದಮೇಲೆ ಎರಡನೇ ಕಾರಣ: ರಾಡಿನ ತೂತುಗಳ ನಡುವಿನ ದೂರ, ಅಚ್ಚುಗಳ ನಡುವಿನ ದೂರ, ಇವೆರಡೂ ಹೊಂದುತ್ತಿಲ್ಲ. ಹಿಂದಿನ ರಾಡು ಎರಡೂ ಕಡೆಯಿಂದ ಬಿಚ್ಚಿ ಮತ್ತೆ ತಳ್ಳು.

— ಈಗ ಸಲೀಸು.

— ಹಿಂದಿನದನ್ನು ಹಾಕಿ ಮುಂದಿನದನ್ನು ಬಿಚ್ಚು.

— ಹಿಡಿಯುತ್ತೆ.

— ಹಾಗಾದರೆ ಮುಂದಿನ ಅಚ್ಚು, ನಡುವಿನ ಅಚ್ಚು ಸರಿಯಿವೆ. ತೊಂದರೆ ಹಿಂದಿನದರಲ್ಲಿ. ವರ್ನಿಯರ್ ತೆಗೆದುಕೋ. ಟೆರಿಯರಿನ ಅಚ್ಚುಗಳ ನಡುವೆ ಆರಾರು ಅಡಿ ದೂರ. ನಮ್ಮ ಅಳತೆಯಲ್ಲಿ ಒಂದಡಿಗೆ 4 ಮಿಲಿಮೀಟರು, ಅಂದರೆ 24. ಅಚ್ಚು ಕಾಲಿಂಚಿನ ಅರ್ಧ, 3.18 ಮಿಲಿಮೀಟರು. ಒಂದು ಅಚ್ಚಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ 27.18 ಬರಬೇಕು. ಎರಡೂ ಪಕ್ಕ ಅಳೆ.

— ಎಡಗಡೆ 27.2. ಬಲಗಡೆ... 27 ಸರಿಯಾಗಿ.

— ಸಿಕ್ಕಿತಲ್ಲ! ಬಲಗಡೆಯ ಬೇರಿಂಗು ಬೆಸೆಯುವಾಗ ಮಿಲಿಮೀಟರಿನ ಐದನೇ ಒಂದು ಪಾಲು ಮುಂದೆ ಸರಿದಿದೆ. ಅಷ್ಟಕ್ಕೇ ಇಡೀ ಎಂಜಿನ್ ಇಷ್ಟು ವರ್ಷ ಡಬ್ಬದಲ್ಲಿ ಕೂತಿದೆ.

— ರಾಡಿನ ತೂತು ಸ್ವಲ್ಪ ದೊಡ್ಡದು ಮಾಡಿದರೆ ಆಗಲ್ವಾ?

— ಆಗುತ್ತೆ, ಬಹಳ ಜನ ಅದನ್ನೇ ಮಾಡ್ತಾರೆ. ಆದರೆ ಆ ಸಡಿಲ ಎಂಜಿನ್ನಿನ ನಡಿಗೆಯಲ್ಲಿ ಕಾಣುತ್ತೆ. ನಿಧಾನಕ್ಕೆ ಓಡಿಸಿದಾಗ ತೂರಾಡುತ್ತೆ. ಆ ಒಂದು ಬೇರಿಂಗಿಗೆ ಕಾವು ಕೊಟ್ಟು ಬಿಡಿಸು. ಚೌಕಟ್ಟಿನ ತೂತನ್ನು ಬ್ರೋಚಿನಲ್ಲಿ ಒಂಚೂರು ಅಗಲ ಮಾಡು. ಬೇರಿಂಗಿನಲ್ಲಿ ಅಚ್ಚು ತೂರಿಸಿ, ಅಚ್ಚಿನ ತುದಿಗಳ ಅಂತರವನ್ನು ಎಡಗಡೆಯ ಅಳತೆಗೆ ತಂದು, ಕ್ಲಿಪ್ಪಿನಲ್ಲಿ ಹಿಡಿಸಿ ಮತ್ತೆ ಬೆಸೆ. ಉಳಿದ ಬೆಸುಗೆ ಮುಟ್ಟಬೇಡ. ಎಷ್ಟು ತೆಳ್ಳಗೆ ಹರಿಸಿದ್ದಾರೆ ನೋಡು, ಮೂಲೆಯ ಉದ್ದಕ್ಕೂ ಒಂದೇ ಸಮ. ಕೈ ಪಳಗಿದವರು. ಅವರ ಕೆಲಸ ಹಾಗೇ ಉಳೀಬೇಕು.

— ತಗಡಿಗೆ ಕಿಲುಬು ಹಿಡಿದಿದೆಯಲ್ಲ.

— ಫ್ಲಕ್ಸಿನದು. ಇದಕ್ಕೆ ಬಳಸೋ ಫ್ಲಕ್ಸು ಫಾಸ್ಫಾರಿಕ್ ಆಸಿಡ್ಡಿನ ನೀರು. ಬೆಸೆದ ದಿನವೇ ತೊಳೆಯದಿದ್ದರೆ ಹಸಿರು ಬರುತ್ತೆ, ಮೇಲೆ ಬಳಿದ ಬಣ್ಣವನ್ನೂ ಆಮೇಲೆ ಎಬ್ಬಿಸಿಬಿಡುತ್ತೆ. ಹುಣಸೆಹಣ್ಣು ನೆನೆಸಿ ಆ ನೀರಲ್ಲಿ ಹಳೇ ಟೂತ್‌ಬ್ರಷ್ಷು ಹಾಕಿ ಉಜ್ಜು, ನಿನ್ನಜ್ಜಿ ದೇವರ ಮನೆಯ ಸಾಮಾನು ತೊಳೆಯೋ ರೀತಿಯಲ್ಲೇ. ಇಂಗ್ಲೆಂಡಿನಲ್ಲಿ ಇದಕ್ಕೆ ಸಿಟ್ರಿಕ್ ಆಸಿಡ್ಡಿನ ಪುಡಿ ಬಳಸ್ತಾರೆ. ಆಮೇಲೆ ಧಾರಾಳ ನೀರು, ಆಮೇಲೆ ಬಿಸಿಲು.

— ಮಾವ, ಒಂದು ಮಾತು ಕೇಳ್ತೀನಿ. ಇದೇ ಟೆರಿಯರು ಈಗ ಅಂಗಡಿಯಲ್ಲಿ ಸಿದ್ಧವಾಗೇ ಸಿಗುತ್ತೆ. ನಾನು ನೋಡಿದೆ, ಬಹಳ ಚೆನ್ನಾಗಿದೆ. ಬಣ್ಣ, ಗೆರೆ, ಅಕ್ಷರ, ಒಳಗೆ ಬೆಂಕಿಗೂಡಿನ ದೀಪ ಕೂಡ. ಇಷ್ಟು ಒದ್ದಾಟ ಯಾಕೆ?

— ಚೆನ್ನಾಗಿದೆ, ಇಲ್ಲ ಅನ್ನಲ್ಲ. ರೈಲು ಓಡಿಸೋದೇ ಇಷ್ಟ ಅನ್ನುವವರು ಧೈರ್ಯವಾಗಿ ಅದನ್ನು ಕೊಳ್ಳಲಿ. ಕಿಟ್ಟು ಕಟ್ಟಿದರೆ ಅಂಗಡಿಯದಕ್ಕಿಂತ ಚೆಂದ ಆಗುತ್ತೆ ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಈಗ ಒಂದು ಗಂಟೆಯಲ್ಲಿ ನಿನಗೆ ಏನೇನು ಗೊತ್ತಾಯಿತು ನೋಡು. ಕ್ರ್ಯಾಂಕು ಯಾಕೆ ಕಾಲು ಸುತ್ತು ಹಿಂದಿರುತ್ತೆ, ರಾಡು ಯಾಕೆ ಕಚ್ಚುತ್ತೆ, ಹೊರಗಿಂದ ಹೊರಗೆ ಅಳೆದರೆ ಅಚ್ಚು ಸೊಟ್ಟಗಿರೋದು ಹೇಗೆ ಸಿಕ್ಕಿಬೀಳುತ್ತೆ. ಪೆಟ್ಟಿಗೆಯಿಂದ ತೆಗೆದ ಎಂಜಿನ್ನು ಇದ್ಯಾವುದನ್ನೂ ಹೇಳೋದಿಲ್ಲ, ಹೇಳಬೇಕಾದ ಪ್ರಮೇಯವೇ ಬರೋದಿಲ್ಲ. ಇನ್ನೊಂದು ವಿಷಯ, ಇದು ಹೇಗೂ ಇಲ್ಲಿದೆ. ಒಬ್ಬರು ಹದಿನಾಲ್ಕು ಹಂತ ಮಾಡಿ ಇಟ್ಟಿದ್ದಾರೆ. ಅದನ್ನು ಹಾಗೇ ಬಿಟ್ಟು ಹೊಸದು ಕೊಳ್ಳೋಕೆ ನನಗೆ ಮನಸ್ಸು ಬರಲ್ಲ.

— ಆದರೂ ಇಷ್ಟು ವರ್ಷ ಡಬ್ಬ ಇಲ್ಲೇ ಅಟ್ಟದ ಮೇಲಿತ್ತು.

— ಇತ್ತು. ಅದಕ್ಕೂ ಕಾರಣ ಇದೆ, ಅದು ನನ್ನೊಬ್ಬನದಲ್ಲ, ಈ ಹವ್ಯಾಸದಲ್ಲಿರುವ ಬಹುತೇಕ ಜನರದು. ಎಂಜಿನ್ ಕಟ್ಟಿ ಓಡಿಸೋದು ಎಲ್ಲಿ? ಹಳಿ ಬೇಕು. ಹಳಿ ಹಾಕೋಕೆ ಕೋಣೆ ಬೇಕು. ಕೋಣೆ ಸುತ್ತ ಎರಡು ಲೈನು, ದೊಡ್ಡ ಜಂಕ್ಷನ್, ಶೆಡ್ಡು, ಸಿಗ್ನಲ್ಲು, ಎಲ್ಲ ಕಾಗದದ ಮೇಲೆ ಬರೆದಿಟ್ಟುಕೊಳ್ತಾರೆ. ಆ ಕೋಣೆ ಬರೋದಿಲ್ಲ, ಬಂದರೂ ಮಗುವಿಗೆ ಬೇಕಾಗುತ್ತೆ. ಕೋಣೆ ಇಲ್ಲ ಅಂದಮೇಲೆ ಎಂಜಿನ್ನಿಗೆ ಅವಸರವೂ ಇಲ್ಲ. ದೊಡ್ಡ ರೈಲ್ವೆಯ ಕನಸು ಎಷ್ಟು ಎಂಜಿನ್ನುಗಳನ್ನು ಡಬ್ಬದಲ್ಲೇ ಉಳಿಸಿದೆಯೋ ಲೆಕ್ಕ ಇಲ್ಲ.

— ನನ್ನ ಕೋಣೆಯಲ್ಲಿ ಪುಸ್ತಕದ ಶೆಲ್ಫಿನ ಮೇಲ್ಭಾಗ ಖಾಲಿ ಇದೆ. 90 ಸೆಂಟಿಮೀಟರು ಉದ್ದ, 25 ಅಗಲ. ಅಷ್ಟರಲ್ಲಿ ಏನಾದರೂ ಆಗುತ್ತಾ? ಗುಂಡಗೆ ಹಳಿ ಹಾಕೋಕೂ ಜಾಗ ಇಲ್ಲ.

— ಗುಂಡಗೆ ಯಾಕೆ ಹಾಕಬೇಕು? ಇಂಗ್ಲೆಂಡಿನಲ್ಲಿ ಸಣ್ಣ ಜಾಗದ ರೈಲ್ವೆಯ ದೊಡ್ಡ ಪರಂಪರೆಯೇ ಇದೆ. ಸಿರಿಲ್ ಫ್ರೀಜರ್ ಅಂತ ಮಾಡೆಲ್ ರೈಲ್ವೆ ಪತ್ರಿಕೆಯ ಸಂಪಾದಕರೊಬ್ಬರಿದ್ದರು. 1957ರಲ್ಲಿ ಮೈನೊರೀಸ್ ಅನ್ನುವ ನಕ್ಷೆ ಪ್ರಕಟಿಸಿದರು. ಪಟ್ಟಣದ ಪ್ಯಾಸೆಂಜರ್ ಟರ್ಮಿನಸ್ಸು ಎಷ್ಟು ಕಮ್ಮಿ ಜಾಗದಲ್ಲಿ ಕೂರಬಹುದು ಅಂತ ಅದು ತೋರಿಸಿತು. ಜನ ಇವತ್ತಿಗೂ ಅದನ್ನು ಕಟ್ಟುತ್ತಾ ಇದ್ದಾರೆ. ಅಮೆರಿಕದಲ್ಲಿ ಕಾರ್ಲ್ ಆರೆಂಟ್ ಅನ್ನುವವರು ನಾಲ್ಕು ಚದರ ಅಡಿಯೊಳಗಿನ ರೈಲ್ವೆಗಳನ್ನೇ ಕಲೆಹಾಕಿ ಪ್ರಚಾರ ಮಾಡಿದರು. ಆದರೆ ನಿನಗೆ ಬೇಕಾಗಿರೋದು ಅಲನ್ ರೈಟ್ ಅವರ ಇಂಗಲ್‌ನುಕ್.

— ಅದೇನು?

— ಒಂದು ಹಳಿ, ಗಾಡಿಯನ್ನು ಬೇರೆ ಹಳಿಗೆ ತಿರುಗಿಸುವ ಎರಡು ಪಾಯಿಂಟು, ಮೂರು ಸೈಡಿಂಗು. ನಾರ್ಥಂಬರ್‌ಲ್ಯಾಂಡಿನ ಹಳ್ಳಿ ಮಾರ್ಗದಲ್ಲಿದ್ದ ಕಿಲಮ್ ಸೈಡಿಂಗ್ಸ್ ನೋಡಿ ರೈಟ್ ಅವರಿಗೆ ಹೊಳೆದದ್ದು. ಒಂದು ಸೈಡಿಂಗಿನಲ್ಲಿ ಐದು ವ್ಯಾಗನ್ ಹಿಡಿಸುತ್ತೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಓಡಾಡುವ ತುದಿಯ ಹಳಿಯಲ್ಲಿ ಎಂಜಿನ್ನಿನ ಜೊತೆ ಮೂರು ವ್ಯಾಗನ್ ಮಾತ್ರ. ಒಟ್ಟು ಎಂಟು ವ್ಯಾಗನ್. ಒಂದೊಂದರ ಹೆಸರೂ ಚೀಟಿಯಲ್ಲಿ ಬರೆದು ಡಬ್ಬದಲ್ಲಿ ಹಾಕು. ಐದು ಚೀಟಿ ಎತ್ತು. ಬಂದ ಅನುಕ್ರಮದಲ್ಲೇ ಐದು ವ್ಯಾಗನ್ನಿನ ಗಾಡಿ ಜೋಡಿಸಬೇಕು.

— ಎಷ್ಟು ಬಗೆ ಬರುತ್ತೆ? ಎಂಟು, ಏಳು, ಆರು, ಐದು, ನಾಲ್ಕು, ಗುಣಿಸಿದರೆ... 6,720.

— ಮೂರು ಹಳಿಯ ಮೇಲೆ 6,720 ಗಾಡಿ! ಗುಂಡಗೆ ಸುತ್ತುವ ರೈಲನ್ನು ಎರಡು ಸುತ್ತು ನೋಡಿದಮೇಲೆ ಮನಸ್ಸು ಬೇರೆ ಕಡೆ ಹೋಗುತ್ತೆ. ಇಲ್ಲಿ ಪ್ರತಿ ಸಲವೂ ಯೋಚಿಸಬೇಕು. ಬೇಕಾದ ವ್ಯಾಗನ್ ಮೂರನೆಯದರ ಹಿಂದಿದೆ, ತುದಿಯ ಹಳಿಯಲ್ಲಿ ಜಾಗ ಇಲ್ಲ, ಒಂದನ್ನು ತೆಗೆದು ಬೇರೆ ಕಡೆ ಬಿಟ್ಟು ಬರಬೇಕು. ನಿಜವಾದ ಗೂಡ್ಸ್ ಯಾರ್ಡಿನಲ್ಲಿ ಶಂಟಿಂಗ್ ಮಾಡುವವರ ಇಡೀ ದಿನದ ಕೆಲಸ ಇದೇ. ಜಾಗ ಕಮ್ಮಿ ಇರೋದರಿಂದಲೇ ಆಟ ಹುಟ್ಟುತ್ತೆ. ಅದಕ್ಕೇ ನನಗೆ ಈ ನಕ್ಷೆ ಅಂದರೆ ಅಷ್ಟು ಗೌರವ.

— 90 ಸೆಂಟಿಮೀಟರಿನಲ್ಲಿ ಹಿಡಿಸುತ್ತಾ, ಲೆಕ್ಕ ಹಾಕೋಣ. ವ್ಯಾಗನ್ ಎಷ್ಟುದ್ದ?

— 1923ರ ಮಾದರಿಯ 12 ಟನ್ ಕಲ್ಲಿದ್ದಲಿನ ವ್ಯಾಗನ್ ಹದಿನಾರೂವರೆ ಅಡಿ. ಬಫರು ಸೇರಿಸಿ, ಕೊಂಡಿಗೆ ಜಾಗ ಬಿಟ್ಟರೆ ನಮಗೆ 80 ಮಿಲಿಮೀಟರು. ಟೆರಿಯರು 26 ಅಡಿ, ಅಂದರೆ 104. ಸಣ್ಣ ಪಾಯಿಂಟು ಒಂದಕ್ಕೆ 185.

— ತುದಿಯ ಹಳಿಗೆ 104 ಮತ್ತೆ ಮೂರು ಎಂಬತ್ತು, 344. ಎರಡು ಪಾಯಿಂಟಿಗೆ 370. ಉದ್ದದ ಸೈಡಿಂಗಿಗೆ 400. ಒಟ್ಟು 1,114. ಇಲ್ಲ ಮಾವ, ಹಿಡಿಸಲ್ಲ.

— ಚಿಕ್ಕದು ಮಾಡು. ಐದು, ಮೂರು, ಮೂರರ ಬದಲು ಮೂರು, ಎರಡು, ಎರಡು. ಐದೇ ವ್ಯಾಗನ್, ಮೂರರ ಗಾಡಿ. ಎಂಜಿನ್ನಿನ ಜೊತೆ ಎರಡು.

— 264, 370, 240. ಒಟ್ಟು 874! 26 ಮಿಲಿಮೀಟರು ಉಳಿಯುತ್ತೆ. ಗಾಡಿಯ ಬಗೆ 60ಕ್ಕೆ ಇಳಿಯುತ್ತೆ.

— ಅರವತ್ತು ಸಾಕು. ಆ 26ನ್ನು ಎರಡೂ ತುದಿಯ ತಡೆಗಟ್ಟೆಗೆ ಇಟ್ಟುಕೋ. ಪಾಯಿಂಟು ದಾಟಿದ ಮೇಲೆ ಪಕ್ಕದ ಎರಡು ಸೈಡಿಂಗುಗಳಲ್ಲಿ ಎರಡೆರಡು ವ್ಯಾಗನ್ ಒಂದಕ್ಕೊಂದು ತಾಗದೆ ನಿಲ್ಲುತ್ತವೆಯೇ ಅಂತ ಮಾತ್ರ ಕಾಗದದ ಮೇಲೆ ನಿಜ ಅಳತೆಯಲ್ಲಿ ಬರೆದು ನೋಡು. ಲೆಕ್ಕದಲ್ಲಿ ಕೂತದ್ದು ಹಲಗೆ ಮೇಲೆ ಕೂರದೆ ಇರೋದು ಆ ಜಾಗದಲ್ಲಿ.

— ಹಳಿಯ ಅಗಲ ಎಷ್ಟು?

— 16.5 ಮಿಲಿಮೀಟರು. ಇದೊಂದು ಹಳೇ ತಕರಾರು, ಕೇಳಿಬಿಡು. ನಿಜವಾದ ಬ್ರಿಟಿಷ್ ಹಳಿ ನಾಲ್ಕಡಿ ಎಂಟೂವರೆ ಇಂಚು. ಅಡಿಗೆ 4 ಮಿಲಿಮೀಟರಿನ ಲೆಕ್ಕದಲ್ಲಿ 18.83 ಆಗಬೇಕು. ಆಗಿನ ಕಾಲದ ಮೋಟಾರುಗಳು ಅಡಿಗೆ 3.5 ಮಿಲಿಮೀಟರಿನ ಬ್ರಿಟಿಷ್ ಎಂಜಿನ್ನಿನೊಳಗೆ ಹಿಡಿಸುತ್ತಿರಲಿಲ್ಲ. ಯುರೋಪಿನ ಎಂಜಿನ್ನಿಗಿಂತ ಬ್ರಿಟನ್ನಿನವು ಗಾತ್ರದಲ್ಲಿ ಚಿಕ್ಕವು ನೋಡು. ಅದಕ್ಕೆ ಎಂಜಿನ್ನನ್ನು 4ಕ್ಕೆ ಹಿಗ್ಗಿಸಿದರು, ಹಳಿಯನ್ನು 3.5ರದ್ದೇ ಉಳಿಸಿದರು. ಹಾಗಾಗಿ ಈ ಹಳಿ ನಾಲ್ಕಡಿ ಒಂದೂವರೆ ಇಂಚಿನದಾಯಿತು. ಇದನ್ನು ಸಹಿಸದವರು 18.2ರಲ್ಲಿ ಕಟ್ಟಿದರು, ಇನ್ನೂ ಕಟ್ಟುನಿಟ್ಟಿನವರು 18.83ರಲ್ಲೇ ಕಟ್ಟುತ್ತಾರೆ. ಅವರ ಹಳಿ ಎಷ್ಟು ಸುಂದರ ಗೊತ್ತಾ! ಆದರೆ ಅಲ್ಲಿ ಗಾಲಿ, ಅಚ್ಚು, ಪಾಯಿಂಟು ಎಲ್ಲ ಕೈಯಲ್ಲೇ ಕೂರಿಸಬೇಕು. ನಿನ್ನ ಮೊದಲ ಹಲಗೆಗೆ 16.5 ಇರಲಿ. ಈ ಗಾಲಿಗಳೂ ಅದಕ್ಕೇ ಇರೋದು.

— ನನಗೊಂದು ಆಸೆ ಇತ್ತು. ಕಾಲೇಜಿನಿಂದ ನಂದಿ ಹಾಲ್ಟಿಗೆ ಹೋಗಿದ್ದೆವು, ಸ್ಟೇಷನ್ ಕಟ್ಟಡ ಅಳೆಯೋಕೆ. ಹಳೇ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್‌ನವರು ದುರಸ್ತಿ ಮಾಡಿಸಿದ್ದಾರಲ್ಲ, ಆ ಕಲ್ಲಿನ ಕಟ್ಟಡ. ಅದರ ಡ್ರಾಯಿಂಗ್ ನನ್ನ ಹತ್ತಿರ ಇದೆ. ಅದನ್ನೇ ಈ ಹಲಗೆಯ ಹಿಂದೆ ನಿಲ್ಲಿಸಿದರೆ?

— ಟೆರಿಯರಿನ ಹಿಂದೆ ನಂದಿ ಹಾಲ್ಟಾ? ಬೇಡ ಮಗಳೇ. ಟೆರಿಯರು ಸಮುದ್ರ ದಾಟಿ ಮೈಸೂರು ಸೀಮೆಗೆ ಬಂದದ್ದಿಲ್ಲ. ನಂದಿಯ ಮುಂದೆ ಓಡುತ್ತಿದ್ದದ್ದು ಎರಡೂವರೆ ಅಡಿ ಹಳಿಯ ಗಾಡಿ. ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ, 1915ರದ್ದು. ಆ ಕಟ್ಟಡಕ್ಕೂ ಮರ್ಯಾದೆ ಇದೆ, ಈ ಎಂಜಿನ್ನಿಗೂ ಇದೆ. ಎರಡನ್ನೂ ಒಂದು ಹಲಗೆ ಮೇಲೆ ತಂದರೆ ನೋಡುವವರಿಗೆ ಎರಡರ ಬಗ್ಗೆಯೂ ತಪ್ಪು ತಿಳಿವಳಿಕೆ ಆಗುತ್ತೆ.

— ಹಾಗಾದರೆ ನಂದಿಗೆ ಬೇರೆ ಹಲಗೆ.

— ಹೌದು, ಅದು ಆಗಲೇಬೇಕು. ಅಳತೆಯೂ ಕೂಡಿಬರುತ್ತೆ. ಎರಡೂವರೆ ಅಡಿ ಅಂದರೆ 762 ಮಿಲಿಮೀಟರು. ಅಡಿಗೆ 3.5 ಮಿಲಿಮೀಟರಿನ ಲೆಕ್ಕಕ್ಕೆ ಅದರ 87ರಲ್ಲಿ ಒಂದು ಪಾಲು ಮಾಡು.

— 8.76.

— ಅಂಗಡಿಯಲ್ಲಿ ಸಿಗುವ 9 ಮಿಲಿಮೀಟರಿನ ಹಳಿಗೆ ಹತ್ತಿರ ಹತ್ತಿರ ಸರಿ. ಆದರೆ ಕಟ್ಟಡವನ್ನೂ 87ರಲ್ಲೇ ಮಾಡಬೇಕು, ಟೆರಿಯರಿನ 76ರಲ್ಲಲ್ಲ, ಅಂದರೆ ಅಡಿಗೆ 4 ಮಿಲಿಮೀಟರಿನ ಲೆಕ್ಕದಲ್ಲಲ್ಲ. 76ಕ್ಕೆ ಹೋದರೆ ಹಳಿ 10 ಮಿಲಿಮೀಟರು ಆಗಬೇಕಾಗುತ್ತೆ, ಆ ಹಳಿ ಸುಲಭಕ್ಕೆ ಸಿಗೋದಿಲ್ಲ. ನಂದಿ ಲೈನಿನ ಎಂಜಿನ್ನಿಗೆ ಕಿಟ್ಟು ಹುಡುಕಬೇಡ. ಮೈಸೂರಿನ ರೈಲು ಸಂಗ್ರಹಾಲಯ 1979ರಿಂದ ಇದೆಯಲ್ಲ, ಅಲ್ಲಿ ನ್ಯಾರೋಗೇಜ್ ಎಂಜಿನ್ ನಿಂತಿದೆ. ಟೇಪು ಹಿಡಿದು ಹೋಗೋಣ. ಆ ಲೈನು ಈಗ ಬ್ರಾಡ್‌ಗೇಜ್ ಆಗಿದೆ, ಹಳೇದನ್ನು ಕಂಡವರು ಕಮ್ಮಿಯಾಗುತ್ತಾ ಇದ್ದಾರೆ. ಹಲಗೆಯ ಮೇಲಾದರೂ ಅದು ಅದರ ನಿಜ ರೂಪದಲ್ಲಿ ಇರಬೇಕು ಅಂತ ನನ್ನ ಆಸೆ.

— ಟೆರಿಯರಿನ ಹಿಂದೆ ಏನು ಬರಲಿ?

— ಕಲ್ಲಿದ್ದಲ ಡಿಪೋ. ಹಳೇ ಸ್ಲೀಪರುಗಳನ್ನು ನಿಲ್ಲಿಸಿ ಮಾಡಿದ ಗೂಡುಗಳು, ತೂಕದ ಮನೆ, ಹಿಂದೊಂದು ಇಟ್ಟಿಗೆ ಗೋಡೆ. ನಿನಗೆ ಕಾರ್ಡ್‌ಬೋರ್ಡಿನ ಕೆಲಸ ನೀರು ಕುಡಿದಷ್ಟು ಸುಲಭ, ಅದರ ಬಗ್ಗೆ ನಾನೇನೂ ಹೇಳೋದಿಲ್ಲ. ಹಳಿಯ ಕೆಳಗಿನ ತಂತಿ ಬಗ್ಗೆ ಹೇಳಬೇಕು. ಟೆರಿಯರಿನ ಮೊದಲ ಗಾಲಿಯಿಂದ ಕೊನೇ ಗಾಲಿಗೆ 48 ಮಿಲಿಮೀಟರು ಅಷ್ಟೇ. ಎರಡು ಹಳಿ ಕೂಡುವ ಮೂಲೆ, ಫ್ರಾಗ್ ಅಂತಾರಲ್ಲ, ಅದು ಪ್ಲಾಸ್ಟಿಕ್ಕಿನದಾದರೆ ಆ ಪುಟ್ಟ ಎಂಜಿನ್ನಿಗೆ ಅಲ್ಲಿ ಕರೆಂಟು ತಪ್ಪುತ್ತೆ, ನಿಂತುಬಿಡುತ್ತೆ. ಲೋಹದ ಫ್ರಾಗ್ ಇರುವ ಪಾಯಿಂಟನ್ನೇ ಕೊಳ್ಳು. ಪಾಯಿಂಟು ತಿರುಗಿದ ಹಾಗೆ ಅದರ ಕರೆಂಟೂ ತಿರುಗಲಿ ಅಂತ ಕೆಳಗೆ ಒಂದು ಮೈಕ್ರೋಸ್ವಿಚ್ ಹಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದಷ್ಟು ಸಿಗುತ್ತೆ.

— ಮೋಟಾರು?

— ಡಬ್ಬದಲ್ಲಿರೋದು ಹಳೇದು, ಅಯಸ್ಕಾಂತದ ಬಲ ಕುಂದಿರುತ್ತೆ. ಹೊಸದು ಹಾಕೋಣ, ಗೇರು 60ಕ್ಕೆ 1. ಲೆಕ್ಕ ಹೇಳ್ತೀನಿ ಕೇಳು. ನಿಮಿಷಕ್ಕೆ 12,000 ಸುತ್ತುವ ಮೋಟಾರು ಅಂತಿಟ್ಟುಕೋ. ಗಾಲಿ 200 ಸುತ್ತುತ್ತೆ. ಗಾಲಿಯ ವ್ಯಾಸ 16 ಮಿಲಿಮೀಟರು, ಸುತ್ತಿಗೆ 50 ಮಿಲಿಮೀಟರಿನಂತೆ ನಿಮಿಷಕ್ಕೆ 10 ಮೀಟರು. ನಿಜವಾದ ಲೆಕ್ಕಕ್ಕೆ ಹಿಗ್ಗಿಸಿದರೆ ಗಂಟೆಗೆ ಸುಮಾರು 46 ಕಿಲೋಮೀಟರು. ಅದು ಗರಿಷ್ಠ ವೇಗ. 30ಕ್ಕೆ 1 ಹಾಕಿದರೆ ಅದರ ಎರಡರಷ್ಟು, ಡಿಪೋದೊಳಗೆ ಓಡಿಸೋಕೆ ಆಗೋದಿಲ್ಲ. ಶಂಟಿಂಗ್ ಎಂಜಿನ್ನು ಮನುಷ್ಯ ನಡೆದಷ್ಟು ನಿಧಾನಕ್ಕೆ ಹೋಗಿ ವ್ಯಾಗನ್ನನ್ನು ಮೆಲ್ಲಗೆ ಮುಟ್ಟಬೇಕು. ಅದನ್ನು ನೋಡೋದರಲ್ಲಿ ಇರುವ ಸುಖ ಎಕ್ಸ್‌ಪ್ರೆಸ್ ಗಾಡಿಯಲ್ಲಿ ನನಗೆ ಯಾವತ್ತೂ ಸಿಕ್ಕಿಲ್ಲ.

— ಇನ್ನೊಂದು ಡಬ್ಬದಲ್ಲಿ ಬೂದಿ ಬಣ್ಣದ ಎಂಜಿನ್ ಇದೆಯಲ್ಲ, ಭಾರವಾದದ್ದು, ಅದು ಸೊಟ್ಟ ಇದೆ. ಬಾಯ್ಲರಿನ ಕೆಳಗೆ ಬಿರುಕೂ ಬಿಟ್ಟಿದೆ.

— ಅದು ವೈಟ್‌ಮೆಟಲ್, ತವರ, ಸೀಸ, ಆಂಟಿಮನಿ ಬೆರೆಸಿ ಎರಕ ಹೊಯ್ದದ್ದು. ಕಾದ ಸಾಲ್ಡರಿಂಗ್ ಐರನ್ ಮುಟ್ಟಿಸಿದರೆ ಭಾಗವೇ ಕರಗಿಹೋಗುತ್ತೆ. ಅದಕ್ಕೆ 70 ಡಿಗ್ರಿಗೆ ಕರಗುವ ಬೇರೆ ಸಾಲ್ಡರ್ ಇದೆ. ಅದರಲ್ಲಿ ಬೆಸೆದಿದ್ದರೆ ಅದೃಷ್ಟ. ಕುದಿಯುವ ನೀರಿಗೆ ಹಾಕು, ಸಾಲ್ಡರ್ ಕರಗಿ ಒಂದೊಂದು ಭಾಗವೂ ತಾನಾಗಿ ಬಿಟ್ಟುಕೊಳ್ಳುತ್ತೆ, ಭಾಗಗಳಿಗೆ ಏನೂ ಆಗೋದಿಲ್ಲ. ಎಪಾಕ್ಸಿ ಅಂಟು ಹಾಕಿದ್ದರೂ ಬಿಸಿನೀರಿಗೆ ಮೆತ್ತಗಾಗುತ್ತೆ. ಅಡುಗೆಮನೆಯ ಪಾತ್ರೆ ಮಾತ್ರ ಮುಟ್ಟಬೇಡ, ಸೀಸ ಇದೆ. ಕೆಟ್ಟದ್ದೊಂದು ಡಬ್ಬಿ ಇಟ್ಟುಕೊಂಡು ಅದನ್ನು ಮತ್ತೆ ಅಡುಗೆಗೆ ಬಳಸಬೇಡ.

— ಬಿರುಕು ಯಾಕೆ?

— ತೂಕಕ್ಕೆ ಅಂತ ಬಾಯ್ಲರಿನೊಳಗೆ ಸೀಸದ ಗುಂಡು ತುಂಬಿ, ಬಡಗಿಗಳು ಬಳಸೋ ಬಿಳಿ ಅಂಟು ಸುರಿದಿರುತ್ತಾರೆ. ಆ ಅಂಟಿನ ಆಮ್ಲಕ್ಕೆ ಸೀಸ ವರ್ಷಗಟ್ಟಲೆ ಕಿಲುಬು ಹಿಡಿದು ಬಿಳಿ ಪುಡಿಯಾಗಿ ಉಬ್ಬುತ್ತೆ. ಉಬ್ಬಿ ಬಾಯ್ಲರನ್ನೇ ಸೀಳುತ್ತೆ. ಹಳೇ ಎಂಜಿನ್ ಕೈಗೆ ಬಂದರೆ ಮೊದಲು ಒಳಗೆ ಇಣುಕಿ ನೋಡಬೇಕಾದ್ದು ಇದನ್ನು. ಟೆರಿಯರಿಗೆ ನಾವು ಸೀಸದ ತಗಡು ಸುರುಳಿ ಸುತ್ತಿ ಎಪಾಕ್ಸಿಯಲ್ಲಿ ಕೂರಿಸೋಣ. ಆ ಬೂದಿ ಎಂಜಿನ್ ಈಗ ಮುಚ್ಚಿಡು. ಒಂದು ಮುಗಿಯುವವರೆಗೆ ಮೇಜಿನ ಮೇಲೆ ಇನ್ನೊಂದು ಡಬ್ಬ ತೆರೆದಿರಬಾರದು.

— ಬಣ್ಣ?

— ಹಿತ್ತಾಳೆಗೆ ಹಿಡಿಯುವ ಎಚ್ ಪ್ರೈಮರ್, ಮೇಲೆ ತೆಳ್ಳಗೆ ಎರಡು ಮೂರು ಲೇಪ. ಹೇಲಿಂಗಿನ ಕೊನೇ ವರ್ಷಗಳಲ್ಲಿ ಅವೆಲ್ಲ ಕಪ್ಪು. ಕಪ್ಪು ಇರಲಿ. ಮಳೆಗಾಲದಲ್ಲಿ ಬಳಿಯಬೇಡ, ಅಷ್ಟೇ.

— ಅಷ್ಟರೊಳಗೆ ಹಲಗೆ ಆಗಿರುತ್ತೆ. ಎಂಜಿನ್ ಮೊದಲು ಮುಗಿಸಲಾ, ಹಲಗೆ ಮೊದಲಾ?

— ಹಲಗೆ. ಹಳಿ ಹಾಕಿ, ತಂತಿ ಬೆಸೆದು, ಒಂದು ವ್ಯಾಗನ್ನನ್ನು ಬೆರಳಿನಲ್ಲಿ ತಳ್ಳಿ ಮೂರು ಸೈಡಿಂಗಿಗೂ ಬಿಟ್ಟು ಬಾ. ಅದು ಕಣ್ಣೆದುರಿಗೆ ಇದ್ದರೆ ಎಂಜಿನ್ನಿಗೆ ಒಂದು ಕೆಲಸ ಕಾದಿದೆ ಅನ್ನೋದು ದಿನಾ ಕಾಣುತ್ತೆ. ಬೇರಿಂಗು ಬಿಚ್ಚೋಕೆ ಬೇಕಾದ ಧೈರ್ಯ ಅಲ್ಲಿಂದ ಬರುತ್ತೆ. ಆಮೇಲೆ ಚೌಕಟ್ಟು, ಬರೀ ಚೌಕಟ್ಟೇ ಮೋಟಾರಿನ ಜೊತೆ ಆ ಹಲಗೆ ಮೇಲೆ ಓಡಬೇಕು. ಅದು ಓಡಿದ ಮೇಲೇ ಟ್ಯಾಂಕು, ಬಾಯ್ಲರು, ಹೊಗೆಕೊಳವೆ.

— ಸರಿ. ನಾಳೆ ಹಲಗೆ ಕತ್ತರಿಸಿಕೊಂಡು ಬರ್ತೀನಿ. ಪ್ಲೈವುಡ್ಡು 12 ಮಿಲಿಮೀಟರಿನದು ತರಲಾ?

— 9 ಸಾಕು, ಕೆಳಗೆ ಮರದ ಪಟ್ಟಿ ಹೊಡೆದರೆ ಬಾಗೋದಿಲ್ಲ. ಆದರೆ ಪಟ್ಟಿ ಹೊಡೆಯೋ ಮುಂಚೆ ಎರಡೂ ಪಾಯಿಂಟು ಎಲ್ಲಿ ಬರುತ್ತೆ ಅಂತ ಮೇಲೆ ಗುರುತು ಹಾಕು. ಪಾಯಿಂಟಿನ ನಾಲಿಗೆ ಸರಿಯೋ ಜಾಗದ ಕೆಳಗೆ ಪಟ್ಟಿ ಬಂದರೆ ಮೈಕ್ರೋಸ್ವಿಚ್ ಕೂರಿಸೋಕೆ ಆಗೋದಿಲ್ಲ.